ನಮ್ಮ ದೊಡ್ಡಮ್ಮ ಯಾವ ಪಾಪ ಮಾಡಿದ್ದಳು?

ಇದು ಉದ್ದದ ಬರಹ. ಪುರುಸೊತ್ತು ಮಾಡ್ಕೊಂಡು ಪೂರ್ತಿ ಓದಿ, ಅರ್ಧಕ್ಕೇ ನಿಲ್ಲಿಸಿ ಜಗಳಕ್ಕೆ ಬರಬೇಡಿ.

ಹೋದ ತಿಂಗಳು ದೊಡ್ಡಮ್ಮನ ಮನೆಗೆ ಹೋಗಿದ್ದೆ. ಮೂವತ್ತು ವರ್ಷ ಪಟ್ಟಣದ ಬೀದಿ ಗುಡಿಸಿ, ಚರಂಡಿ ಬಳಿದು, ಮೂರು ಮಕ್ಕಳನ್ನ ಓದಿಸಿದ ಹೆಂಗಸು. ಹತ್ತು ಹನ್ನೆರಡು ವರ್ಷದಿಂದ ಪ್ರಾರ್ಥನೆಗೆ ಹೋಗ್ತಾಳೆ. ಅವತ್ತು ಅವಳ ಮನೆಯಲ್ಲೇ ಪ್ರಾರ್ಥನೆ ಕೂಟ. ಚಾಪೆ ಹಾಸಿ ಹದಿನೈದಿಪ್ಪತ್ತು ಜನ ಕೂತಿದ್ರು, ಎಲ್ಲ ನಮ್ಮ ಕೇರಿಯವರೇ. ಒಬ್ಬೊಬ್ಬರೇ ಎದ್ದು ಸಾಕ್ಷಿ ಹೇಳಿದ್ರು. ದೊಡ್ಡಮ್ಮನ ಸರದಿ ಬಂತು. ಸೆರಗು ತಲೆ ಮೇಲೆ ಎಳ್ಕೊಂಡು ಎದ್ದು ನಿಂತು, "ನಾನು ದೊಡ್ಡ ಪಾಪಿ, ಕರ್ತನು ನನ್ನನ್ನ ತೊಳೆದು ಹೊಸಬಳನ್ನಾಗಿ ಮಾಡಿದ" ಅಂದು ಅಳೋದಕ್ಕೆ ಶುರು ಮಾಡಿದಳು.

ನನಗೆ ಮೈ ಉರಿದುಹೋಯ್ತು. ಇಡೀ ಊರಿನ ಹೊಲಸನ್ನ ತೊಳೆದವಳು ಇವಳು. ಇವಳನ್ನ ತೊಳೆಯೋದಕ್ಕೆ ಇನ್ನೊಬ್ಬರು ಬೇಕಾ? ಇವಳು ಮಾಡಿದ ಪಾಪ ಯಾವುದು? ನೀರು ಕೊಡದೆ ಗೇಟಿನಾಚೆ ನಿಲ್ಲಿಸಿದವರು, ಸಂಬಳ ಹಿಡಿದಿಟ್ಟವರು, ಗಂಡ ಸತ್ತಾಗ ನಯಾಪೈಸೆ ಕೊಡದೆ ಅಲೆಸಿದವರು, ಅವರಲ್ಲಿ ಒಬ್ಬನಾದರೂ ಎಲ್ಲಾದರೂ ಎದ್ದು ನಿಂತು ತಾನು ಪಾಪಿ ಅಂತ ಅತ್ತಿದಾನಾ?

ಊಟ ಆದಮೇಲೆ ಇದನ್ನೇ ಅವಳ ಹತ್ರ ಕೇಳಿದೆ. ಅವಳು ಕೊಟ್ಟ ಉತ್ತರವನ್ನ ಆಮೇಲೆ ಹೇಳ್ತೀನಿ. ಬಸ್ಸಲ್ಲಿ ವಾಪಸ್ ಬರುವಾಗ ತಲೆಯಲ್ಲಿ ಅದೇ ಕೊರೀತಿತ್ತು. ಈ 'ಪಾಪ', ಈ 'ಒಳಗಿನಿಂದ ಹೊಸಬರಾಗೋದು' ಅನ್ನೋ ಮಾತು ಚರಿತ್ರೆಯಲ್ಲಿ ಯಾರಿಗೆ ಏನು ಮಾಡಿದೆ? ಒಂದು ತಿಂಗಳಿಂದ ಆಫೀಸು ಮುಗಿಸಿ ಬಂದು ರಾತ್ರಿ ಹೊತ್ತು ಇದನ್ನೇ ಓದ್ತಾ ಇದ್ದೆ. ಇನ್ನೊಂದು ಕಾರಣವೂ ಇದೆ. ನಮ್ಮ ಸಭೆಗಳಿಗೆ ಬರೋ ಸಜ್ಜನರು ಕೊನೆಗೆ ಒಂದು ಮಾತು ಹೇಳೇ ಹೇಳ್ತಾರೆ, "ಕಾನೂನಿಂದ ಜಾತಿ ಹೋಗಲ್ಲ ಸರ್, ಮನುಷ್ಯನ ಮನಸ್ಸು ಬದಲಾಗಬೇಕು" ಅಂತ. ಕೇಳೋದಕ್ಕೆ ಚೆನ್ನಾಗಿದೆ. ಮನಸ್ಸು ಬದಲಾದವರು ಆಮೇಲೆ ಏನು ಮಾಡಿದ್ರು ಅನ್ನೋದನ್ನ ನೋಡಬೇಕಲ್ವಾ?

ಮೊದಲು ಆ ವಿಚಾರ ಏನು ಅಂತ ನೆಟ್ಟಗೆ ತಿಳ್ಕೊಳ್ಳೋಣ. ನಮ್ಮ ಕಡೆ ಪಾಪ ಅಂದ್ರೆ ಕೈಯಿಂದ ಆದ ಕೆಲಸ. ಹಸು ಕೊಂದ್ರೆ ಪಾಪ, ಸುಳ್ಳು ಹೇಳಿದ್ರೆ ಪಾಪ. ಕ್ರೈಸ್ತರಲ್ಲಿ ಪಾಪ ಅನ್ನೋದು ಮಾಡೋ ಕೆಲಸಕ್ಕಿಂತ ಮುಂಚೆ ಮನುಷ್ಯ ಇರೋ ಸ್ಥಿತಿ. ಪೌಲ ರೋಮಾಪುರದವರಿಗೆ ಬರೆದ ಪತ್ರಿಕೆಯ 7ನೇ ಅಧ್ಯಾಯದಲ್ಲಿ ಒಳ್ಳೇದು ಮಾಡಬೇಕು ಅನ್ನೋ ಮನಸ್ಸು ನನಗಿದೆ, ಆದರೆ ಮಾಡೋದೆಲ್ಲ ಕೆಟ್ಟದ್ದೇ ಆಗ್ತದೆ ಅಂತ ಒದ್ದಾಡ್ತಾನೆ. ಯೋಹಾನನ ಸುವಾರ್ತೆ 3ನೇ ಅಧ್ಯಾಯದಲ್ಲಿ ನಿಕೊದೇಮ ಅನ್ನೋ ಪಂಡಿತ ರಾತ್ರಿ ಹೊತ್ತು ಗುಟ್ಟಾಗಿ ಬರ್ತಾನೆ, ಹೊಸದಾಗಿ ಹುಟ್ಟಬೇಕು ಅಂತ ಯೇಸು ಅವನಿಗೆ ಹೇಳ್ತಾನೆ. ಮುದುಕ ಆದಮೇಲೆ ಮತ್ತೆ ಹುಟ್ಟೋದು ಹೇಗೆ ಅಂತ ಪಾಪ ಆ ಪಂಡಿತನಿಗೆ ಗಾಬರಿ.

ಇದನ್ನೆಲ್ಲ ಕಟ್ಟಿ ಒಂದು ಸಿದ್ಧಾಂತ ಮಾಡಿದವನು ಉತ್ತರ ಆಫ್ರಿಕದ ಆಗಸ್ಟೀನ್ (ಕ್ರಿ.ಶ. 354–430). ಅವನ ಆತ್ಮಕಥೆಯಲ್ಲಿ ಪೇರ್ ಹಣ್ಣು ಕದ್ದ ಪ್ರಸಂಗ ಬರ್ತದೆ. ಹದಿನಾರರ ವಯಸ್ಸು, ಹುಡುಗರ ಗುಂಪು, ಪಕ್ಕದ ತೋಟ. ಹಸಿವಿರಲಿಲ್ಲ, ಮನೆಯಲ್ಲಿ ಅದಕ್ಕಿಂತ ಒಳ್ಳೆ ಹಣ್ಣಿತ್ತು, ಕದ್ದಿದ್ದನ್ನ ಹಂದಿಗೆ ಹಾಕಿದ್ರು. ಹಾಗಾದರೆ ಕದ್ದಿದ್ದು ಯಾಕೆ? ಕದಿಯೋದೇ ಖುಷಿ, ಅದಕ್ಕೆ. ಈ ಖುಷಿ ಎಲ್ಲಿಂದ ಬಂತು ಅಂತ ಪುಟಗಟ್ಟಲೆ ತಲೆ ಕೆಡಿಸ್ಕೊಳ್ತಾನೆ. ಆದಾಮನಿಂದ ಬಂದ ರೋಗ ಇದು, ಹುಟ್ಟುತ್ತಲೇ ಎಲ್ಲರಲ್ಲೂ ಇದೆ, ದೇವರ ಕೃಪೆ ಬಿಟ್ಟರೆ ಔಷಧಿ ಇಲ್ಲ ಅಂದ. ಪೆಲೇಜಿಯಸ್ ಅನ್ನೋ ಇನ್ನೊಬ್ಬ, ಹಾಗೇನಿಲ್ಲ, ಮನುಷ್ಯ ಮನಸ್ಸು ಮಾಡಿದರೆ ಒಳ್ಳೆಯವನಾಗಬಲ್ಲ ಅಂದ. 418ರಲ್ಲಿ ಕಾರ್ಥೇಜಿನಲ್ಲಿ ಸೇರಿದ ಸಭೆ ಪೆಲೇಜಿಯಸ್ ಪಂಥದ್ದು ತಪ್ಪು ಅಂತ ತೀರ್ಮಾನ ಮಾಡ್ತು. ದೇವಶಾಸ್ತ್ರ ಇಷ್ಟು ಸಾಕು.

ಈಗ ಜಾನ್ ನ್ಯೂಟನ್ ಕಥೆಗೆ ಬರೋಣ. ಸೇಬಿನ ಹಣ್ಣಿನ ನ್ಯೂಟನ್ ಅಲ್ಲ. 'ಅಮೇಜಿಂಗ್ ಗ್ರೇಸ್' ಹಾಡು ಬರೆದವನು. ಕ್ರೈಸ್ತರಲ್ಲದವರೂ ಗುನುಗೋ ಹಾಡು ಅದು. ಇವನ ಬಗ್ಗೆ ವಾಟ್ಸಾಪಿನಲ್ಲಿ ಒಂದು ಕಥೆ ಓಡಾಡ್ತದೆ: ಇವನು ಗುಲಾಮರ ಹಡಗಿನ ಕಪ್ತಾನ, ನಡುಸಮುದ್ರದಲ್ಲಿ ಬಿರುಗಾಳಿ ಎದ್ದಿತು, ಇವನು ದೇವರಿಗೆ ಮೊರೆಯಿಟ್ಟ, ಬದುಕಿದ, ಮನಸ್ಸು ಕರಗಿ ಹಡಗನ್ನ ಆಫ್ರಿಕಕ್ಕೆ ವಾಪಸ್ ತಿರುಗಿಸಿ ಗುಲಾಮರನ್ನೆಲ್ಲ ಬಿಟ್ಟುಬಿಟ್ಟ, ಆಮೇಲೆ ಕೂತು ಈ ಹಾಡು ಬರೆದ. ಕಣ್ಣಲ್ಲಿ ನೀರು ಬರೋ ಕಥೆ. ಆದ್ರೆ ಸುಳ್ಳು.

ನಡೆದಿದ್ದು ಹೀಗೆ. ನ್ಯೂಟನ್ ಹುಟ್ಟಿದ್ದು 1725ರಲ್ಲಿ ಲಂಡನ್ನಿನಲ್ಲಿ. ತಂದೆ ಹಡಗಿನ ಯಜಮಾನ, ತಾಯಿ ಬಾಲ್ಯದಲ್ಲೇ ಕ್ಷಯದಿಂದ ತೀರಿಕೊಂಡಳು. ಹುಡುಗ ಪೋಲಿ. ನೌಕಾಪಡೆಗೆ ಬಲವಂತವಾಗಿ ಎಳೆದುಕೊಂಡು ಹೋದ್ರು, ತಪ್ಪಿಸ್ಕೊಂಡು ಓಡಿ ಸಿಕ್ಕಿಬಿದ್ದು ಛಡಿಯೇಟು ತಿಂದ. ಅಲ್ಲಿಂದ ಪಶ್ಚಿಮ ಆಫ್ರಿಕದ ಕರಾವಳಿಗೆ ಹೋಗಿ ಒಬ್ಬ ಗುಲಾಮರ ವ್ಯಾಪಾರಿ ಹತ್ರ ಸೇರಿದ. ಅಲ್ಲಿ ಇವನನ್ನೇ ಸರಪಳಿ ಹಾಕಿ, ಅನ್ನ ಹಾಕದೆ, ಗುಲಾಮನ ಥರ ಇಟ್ಟರು. ಅಂದ್ರೆ ಸಂಕೋಲೆ ಅಂದ್ರೇನು, ಹಸಿವು ಅಂದ್ರೇನು ಅಂತ ಮೈಮೇಲೆ ತಿಳಿದವನು ಇವನು. ಇದನ್ನ ನೆನಪಿಟ್ಟುಕೊಳ್ಳಿ.

1748ರ ಮಾರ್ಚಿನಲ್ಲಿ ಊರಿಗೆ ವಾಪಸ್ ಬರುವಾಗ 'ಗ್ರೇಹೌಂಡ್' ಹಡಗು ಬಿರುಗಾಳಿಗೆ ಸಿಕ್ತು. ಇವನು ಆಗ ಆ ಹಡಗಿನಲ್ಲಿ ಬರೀ ಪ್ರಯಾಣಿಕ. ನೀರು ಒಳಗೆ ನುಗ್ಗಿ, ಗಂಟೆಗಟ್ಟಲೆ ಪಂಪು ಹೊಡೆದು, ಸಾವು ಕಣ್ಣೆದುರಿಗಿದ್ದಾಗ ಬಾಯಲ್ಲಿ ದೇವರ ಹೆಸರು ಬಂತು. ಮುರಿದ ಹಡಗು ಹೇಗೋ ಐರ್ಲೆಂಡಿನ ದಡ ಸೇರಿತು. ಆ ದಿನವನ್ನ ನ್ಯೂಟನ್ ಸಾಯೋವರೆಗೆ ಪ್ರತಿ ವರ್ಷ ಉಪವಾಸ ಪ್ರಾರ್ಥನೆಯಿಂದ ಆಚರಿಸಿದ.

ಹಾಗಾದರೆ ಹೊಸ ಮನುಷ್ಯ ಹುಟ್ಟಿದ. ಆ ಹೊಸ ಮನುಷ್ಯ ಮಾಡಿದ ಮೊದಲ ಕೆಲಸ ಏನು ಗೊತ್ತಾ? ಅದೇ ವರ್ಷ ಗುಲಾಮರ ಹಡಗೊಂದರಲ್ಲಿ ಕಪ್ತಾನನ ಕೈಕೆಳಗಿನ ಮುಖ್ಯ ಅಧಿಕಾರಿಯಾಗಿ ಆಫ್ರಿಕಕ್ಕೆ ಹೊರಟ. 1750ರಿಂದ 1754ರವರೆಗೆ ಮೂರು ಸಲ ತಾನೇ ಕಪ್ತಾನನಾಗಿ ಗುಲಾಮರನ್ನ ಹೊತ್ತ. ಭಾನುವಾರ ಹಡಗಿನ ಸಿಬ್ಬಂದಿಗೆ ಪ್ರಾರ್ಥನೆ ಓದಿಸ್ತಿದ್ದ. ಅವನ ದಿನಚರಿ ಪುಸ್ತಕ 1962ರಲ್ಲಿ ಅಚ್ಚಾಗಿದೆ. ದಂಗೆಯ ಸಂಚು ಬಾಯಿಬಿಡಿಸೋದಕ್ಕೆ ಹುಡುಗರಿಗೆ ಹೆಬ್ಬೆರಳು ಹಿಂಡೋ ತಿರುಪಿನ ಯಂತ್ರ ಹಾಕಿಸಿದ್ದನ್ನ ಆ ದಿನಚರಿಯಲ್ಲಿ ತಾನೇ ಬರೆದಿಟ್ಟಿದ್ದಾನೆ. ಹುಡುಗರಿಗೆ! ಮೇಲೆ ಪ್ರಾರ್ಥನೆ, ಕೆಳಗಿನ ಅಂಕಣದಲ್ಲಿ ಸಂಕೋಲೆ. ಎರಡರ ನಡುವೆ ಒಂದು ಹಲಗೆ ಅಷ್ಟೇ.

1754ರಲ್ಲಿ ಕಪ್ತಾನಗಿರಿ ಬಿಟ್ಟಿದ್ದಾದರೂ ಮನಸ್ಸು ಚುಚ್ಚಿ ಅಲ್ಲ. ಫಿಟ್ಸ್ ಥರ ಏನೋ ಬಂದು ಆರೋಗ್ಯ ಕೆಟ್ಟಿತ್ತು, ಅದಕ್ಕೆ ಬಿಟ್ಟ. ಲಿವರ್‌ಪೂಲ್ ಬಂದರಿನಲ್ಲಿ ಸುಂಕದ ನೌಕರಿ ಹಿಡಿದ. 1764ರಲ್ಲಿ ಪಾದ್ರಿಯಾದ. ಅದೇ ವರ್ಷ ಬಂದ ಆತ್ಮಕಥೆಯಲ್ಲಿ, ಆ ಕಾಲದಲ್ಲಿ ಈ ವ್ಯಾಪಾರ ತಪ್ಪು ಅಂತ ನನಗೆ ಅನಿಸಲೇ ಇಲ್ಲ, ದೇವರೇ ಗೊತ್ತುಮಾಡಿದ ಕೆಲಸ ಅಂದ್ಕೊಂಡಿದ್ದೆ, ಜೈಲರ್ ಥರದ ಕೆಲಸ ಅಂತ ಬೇಜಾರಿತ್ತು ಅಷ್ಟೇ ಅಂತ ಬರೆದ. 1773ರ ಹೊಸ ವರ್ಷದ ದಿನಕ್ಕೆ ಆ ಪ್ರಸಿದ್ಧ ಹಾಡು ಬರೆದ. ಇಷ್ಟಾದರೂ ಗುಲಾಮರ ವ್ಯಾಪಾರದ ವಿರುದ್ಧ ಬಹಿರಂಗವಾಗಿ ಒಂದು ಮಾತಿಲ್ಲ.

ಬಾಯಿ ಬಿಟ್ಟಿದ್ದು 1788ರಲ್ಲಿ. ಬಿರುಗಾಳಿಯಾಗಿ 40 ವರ್ಷ ಆಗಿತ್ತು. ಹಡಗು ಬಿಟ್ಟು 34 ವರ್ಷ. ಆ ವರ್ಷ ಆಫ್ರಿಕದ ಗುಲಾಮರ ವ್ಯಾಪಾರದ ಬಗ್ಗೆ ಒಂದು ಕಿರುಪುಸ್ತಕ ಬರೆದ. ಜನರನ್ನ ಹಡಗಿನ ತಳದಲ್ಲಿ ಹೇಗೆ ಒತ್ತೊತ್ತಾಗಿ ತುಂಬ್ತಿದ್ರು, ಹೆಂಗಸರ ಗತಿ ಏನಾಗ್ತಿತ್ತು, ಸಾವುಗಳು ಎಷ್ಟು, ಎಲ್ಲ ಕಣ್ಣಾರೆ ಕಂಡವನ ಬಾಯಿಂದ ಬಂತು. ಈ ತಪ್ಪೊಪ್ಪಿಗೆ ತುಂಬ ತಡವಾಗಿ ಬರ್ತಿದೆ, ಇದರಲ್ಲಿ ನಾನೂ ಕೈ ಹಾಕಿದ್ದೆ ಅನ್ನೋದು ನನ್ನನ್ನ ಸದಾ ಕುಗ್ಗಿಸ್ತದೆ ಅನ್ನೋ ಅರ್ಥದ ಮಾತು ಅದರಲ್ಲಿದೆ. ಪಾರ್ಲಿಮೆಂಟಿನ ಮುಂದೆ ಸಾಕ್ಷಿ ಹೇಳಿದ. ವಿಲ್ಬರ್‌ಫೋರ್ಸ್ ರಾಜಕೀಯ ಬಿಟ್ಟು ಪಾದ್ರಿಯಾಗಲಾ ಅಂತ ಯೋಚಿಸ್ತಿದ್ದಾಗ, ಬೇಡ, ಪಾರ್ಲಿಮೆಂಟಲ್ಲೇ ಇರು ಅಂತ 1785ರಲ್ಲೇ ಬುದ್ಧಿ ಹೇಳಿದವನೂ ಇವನೇ. 1807ರ ಮಾರ್ಚಿನಲ್ಲಿ ಬ್ರಿಟನ್ ಗುಲಾಮರ ವ್ಯಾಪಾರ ನಿಷೇಧಿಸಿತು. ಅದೇ ಡಿಸೆಂಬರಿನಲ್ಲಿ ಈ ಮುದುಕ ಸತ್ತ.

ನಾನು ನ್ಯೂಟನ್ನನ್ನ ಕಳ್ಳ ಅಂತ ಹೇಳ್ತಿಲ್ಲ. ಅವನ ಕಣ್ಣೀರು ನಿಜವಾದದ್ದೇ. ಅದು ನಿಜವಾಗಿದ್ದರಿಂದಲೇ ನನಗೆ ಭಯ ಆಗೋದು. ನಾಟಕದ ಭಕ್ತನನ್ನ ಗುರುತಿಸಬಹುದು. ನಿಜವಾಗಿ ದೇವರ ಮುಂದೆ ಅತ್ತವನು ಮಾರನೇ ದಿನ ಹೋಗಿ ಹುಡುಗರ ಹೆಬ್ಬೆರಳಿಗೆ ತಿರುಪು ಹಾಕಿಸಬಹುದು ಅಂದ್ರೆ, ಆ ಅಳುವಿನಲ್ಲಿ ಅವನು ಪಟ್ಟಿ ಮಾಡಿದ ಪಾಪಗಳು ಯಾವುವು? ಬೈಗುಳ, ದೇವದೂಷಣೆ, ಹೆಂಗಸರ ಚಪಲ. ಪಟ್ಟಿಯಲ್ಲಿ ಆಫ್ರಿಕದವರಿರಲಿಲ್ಲ. ಯಾಕೆ ಅಂದ್ರೆ ಅವನ ಸುತ್ತ ಇದ್ದ ಯಾರ ಪಟ್ಟಿಯಲ್ಲೂ ಇರಲಿಲ್ಲ. ಹೊಸದಾಗಿ ಹುಟ್ಟಿದವನೂ ಹುಟ್ಟೋದು ಹಳೇ ಊರಲ್ಲೇ ತಾನೆ?

ಆ ಪಟ್ಟಿಗೆ ಗುಲಾಮಗಿರಿಯನ್ನ ಸೇರಿಸಿದವರು ಯಾರು? 1787ರಲ್ಲಿ ಲಂಡನ್ನಿನಲ್ಲಿ ಗುಲಾಮರ ವ್ಯಾಪಾರದ ವಿರುದ್ಧ ಸಂಘ ಕಟ್ಟಿದವರು. 1789ರಲ್ಲಿ ತನ್ನ ಬದುಕಿನ ಕಥೆ ಬರೆದ ಒಲಾಡಾ ಈಕ್ವಿಯಾನೊ. 1766ರಲ್ಲಿ 40 ಪೌಂಡ್ ಎಣಿಸಿ ಕೊಟ್ಟು ತನ್ನನ್ನ ತಾನೇ ಕೊಂಡುಕೊಂಡ ಮನುಷ್ಯ ಅವನು. ಅಂದ್ರೆ ಚಳವಳಿ. ನ್ಯೂಟನ್ನನ ಬಾಯಿ ಬಿಡಿಸಿದ್ದು ಬರೀ ಕೃಪೆ ಅಲ್ಲ, ಹೊರಗಡೆ ಎದ್ದ ಗದ್ದಲ ಕೂಡ.

ಇನ್ನೊಂದು ಜೋಡಿ ನೋಡಿ. ಜಾರ್ಜ್ ವಿಟ್‌ಫೀಲ್ಡ್, ಜಾನ್ ವೆಸ್ಲಿ. ಸ್ನೇಹಿತರು. ಕೃಪೆಯ ವಿಷಯದಲ್ಲಿ ಇಬ್ಬರಿಗೂ ಜಗಳ ಇತ್ತು, ಆದರೆ ಬಯಲಲ್ಲಿ ಸಾವಿರಾರು ಜನರ ಮುಂದೆ ಸಾರಿದ್ದು ಇಬ್ಬರೂ ಒಂದೇ: ನೀವು ಪಾಪಿಗಳು, ಹೊಸದಾಗಿ ಹುಟ್ಟಬೇಕು. ವಿಟ್‌ಫೀಲ್ಡ್ ಜಾರ್ಜಿಯಾದಲ್ಲಿ ಅನಾಥಾಶ್ರಮ ನಡೆಸಿದ. ಅಲ್ಲಿ ಗುಲಾಮಗಿರಿಗೆ ನಿಷೇಧ ಇತ್ತು. ನಿಷೇಧ ತೆಗೀರಿ ಅಂತ ಒತ್ತಾಯ ಮಾಡಿದವರಲ್ಲಿ ಈ ಮಹಾನುಭಾವನೂ ಒಬ್ಬ. 1751ರಲ್ಲಿ ನಿಷೇಧ ಹೋಯ್ತು, ಅನಾಥರ ಹೊಟ್ಟೆ ಹೊರೆಯೋದಕ್ಕೆ ಗುಲಾಮರನ್ನ ಇಟ್ಟುಕೊಂಡ. ವೆಸ್ಲಿ 1774ರಲ್ಲಿ ಗುಲಾಮಗಿರಿಯ ವಿರುದ್ಧ ಪುಸ್ತಕ ಬರೆದ. 1791ರಲ್ಲಿ ಸಾಯೋ ಕೆಲವು ದಿನ ಮುಂಚೆ ಈಕ್ವಿಯಾನೊ ಕಥೆ ಓದಿ ವಿಲ್ಬರ್‌ಫೋರ್ಸ್‌ಗೆ, ಬಿಡಬೇಡ, ಹೋರಾಡು ಅಂತ ಪತ್ರ ಬರೆದ. ಬೋಧನೆ ಒಂದೇ, ಒಬ್ಬ ಆ ಕಡೆ, ಇನ್ನೊಬ್ಬ ಈ ಕಡೆ.

ಈಗ ಅಮೆರಿಕ. ಫ್ರೆಡರಿಕ್ ಡಗ್ಲಸ್ ಬಗ್ಗೆ ನಮ್ಮ ಬಳಗದಲ್ಲಿ ತುಂಬ ಜನಕ್ಕೆ ಗೊತ್ತು. ಮೇರಿಲ್ಯಾಂಡಿನಲ್ಲಿ 1818ರಲ್ಲಿ ಗುಲಾಮಳ ಮಗನಾಗಿ ಹುಟ್ಟಿ, ಕದ್ದು ಅಕ್ಷರ ಕಲಿತು, 1838ರಲ್ಲಿ ತಪ್ಪಿಸ್ಕೊಂಡು, 1845ರಲ್ಲಿ ತನ್ನ ಕಥೆ ಬರೆದ. ಆ ಪುಸ್ತಕದಲ್ಲೂ 1855ರಲ್ಲಿ ಬರೆದ ಎರಡನೇ ಪುಸ್ತಕದಲ್ಲೂ ಅವನ ಯಜಮಾನ ಥಾಮಸ್ ಆಲ್ಡ್ ಮನಪರಿವರ್ತನೆಯಾದ ಪ್ರಸಂಗ ಇದೆ. ಬಾಬಾಸಾಹೇಬರ ಪಕ್ಕದಲ್ಲಿಟ್ಟು ಓದಬೇಕಾದ ಪುಟಗಳು ಅವು.

1832ರ ಆಗಸ್ಟಿನಲ್ಲಿ ಮೆಥಡಿಸ್ಟರ ದೊಡ್ಡ ಕೂಟ ನಡೀತು. ಡೇರೆಗಳು, ವೇದಿಕೆ, ವೇದಿಕೆ ಮುಂದೆ ಹುಲ್ಲು ಹಾಸಿದ ಒಂದು ಕಟ್ಟೆ. ಪಶ್ಚಾತ್ತಾಪ ಪಡೋರು ಅದರೊಳಗೆ ಬಂದು ಮೊಣಕಾಲೂರಬೇಕು. ಕರಿಯರಿಗೆ ಜಾಗ ವೇದಿಕೆಯ ಹಿಂದೆ, ಕೂರೋದಕ್ಕೆ ಏನೂ ಇಲ್ಲ. (ಓದುವಾಗ ನಮ್ಮೂರ ಜಾತ್ರೆ ನೆನಪಾಗದೆ ಇರುತ್ತಾ?) ಹದಿನಾಲ್ಕರ ಹುಡುಗ ಡಗ್ಲಸ್ ಮೆಲ್ಲಗೆ ಮುಂದೆ ಸರಿದು ತನ್ನ ಯಜಮಾನನನ್ನೇ ದಿಟ್ಟಿಸಿ ನೋಡ್ತಾನೆ. ಆಲ್ಡ್ ಒಳಗೆ ಹೋದ. ಮುಖ ಕೆಂಪೇರಿದೆ, ಕೂದಲು ಕೆದರಿದೆ, ಕೆನ್ನೆ ಮೇಲೆ ಒಂದು ಹನಿ ಕಣ್ಣೀರು. ಹುಡುಗ ಲೆಕ್ಕ ಹಾಕ್ತಾನೆ. ಯಜಮಾನನಿಗೆ ನಿಜವಾಗಿ ದೇವರು ಬಂದಿದ್ರೆ ಒಂದೋ ನಮ್ಮನ್ನ ಬಿಟ್ಟುಬಿಡ್ತಾನೆ, ಇಲ್ಲ ಹೊಟ್ಟೆ ತುಂಬ ಊಟನಾದ್ರೂ ಹಾಕ್ತಾನೆ.

ಎರಡೂ ಆಗಲಿಲ್ಲ. ಮನೆಯಲ್ಲಿ ಬೆಳಗ್ಗೆ ಸಂಜೆ ಪ್ರಾರ್ಥನೆ ಶುರುವಾಯ್ತು, ಪಾದ್ರಿಗಳು ಬಂದು ಉಂಡು ಹೋದ್ರು, ಗುಲಾಮರ ಹಸಿವು ಹಾಗೇ ಇತ್ತು. ಆ ಮನೆಯಲ್ಲಿ ಹೆನ್ನಿ ಅಂತ ಒಬ್ಬಳು ಹುಡುಗಿ. ಚಿಕ್ಕವಳಿದ್ದಾಗ ಬೆಂಕಿಗೆ ಬಿದ್ದು ಕೈಗಳು ಸುಟ್ಟು ಮುರುಟಿ ಹೋಗಿದ್ವು, ಕೆಲಸಕ್ಕೆ ಆಗ್ತಿರಲಿಲ್ಲ. ಆಲ್ಡ್ ಅವಳನ್ನ ಕಟ್ಟಿ ಹಾಕಿ ರಕ್ತ ಸುರಿಯೋ ಹಾಗೆ ಹೊಡೀತಿದ್ದ. ಹೊಡೆಯುವಾಗ ಸತ್ಯವೇದದ ವಾಕ್ಯ ಹೇಳ್ತಿದ್ದ, ಲೂಕ 12ರದ್ದು, ಯಜಮಾನನ ಚಿತ್ತ ತಿಳಿದೂ ಮಾಡದ ಆಳಿಗೆ ಬೀಳೋ ಪೆಟ್ಟಿನ ಬಗ್ಗೆ. ಡಗ್ಲಸ್ ಭಾನುವಾರ ಒಂದಷ್ಟು ಗುಲಾಮರನ್ನ ಕೂರಿಸಿ ಸತ್ಯವೇದ ಓದಿಸ್ತಿದ್ದ. ಅದನ್ನ ಚದುರಿಸೋದಕ್ಕೆ ಬಡಿಗೆ ಹಿಡಿದು ಬಂದವರು ಸಭೆಯ ಮುಖಂಡರೇ, ಅವರ ಜೊತೆ ಆಲ್ಡ್ ಕೂಡ. ಮಾರನೇ ವರ್ಷ ಡಗ್ಲಸ್‌ನನ್ನ ಪಳಗಿಸೋದಕ್ಕೆ ಅಂತ ಎಡ್ವರ್ಡ್ ಕೋವಿ ಅನ್ನೋನ ಹತ್ರ ಬಾಡಿಗೆಗೆ ಕಳಿಸಿದ್ರು. ಅವನೂ ಭಕ್ತನೇ. ಆಲ್ಡ್ ಮೊದಲು ಕ್ರೂರಿಯಾಗಿದ್ದಾಗ ತನ್ನ ಕೆಟ್ಟತನವನ್ನೇ ನೆಚ್ಚಿಕೊಂಡಿದ್ದ, ಭಕ್ತನಾದ ಮೇಲೆ ಅವನ ಕ್ರೌರ್ಯಕ್ಕೆ ಧರ್ಮದ ಬಲ ಸಿಕ್ತು ಅನ್ನೋದು ಡಗ್ಲಸ್‌ನ ತೀರ್ಮಾನ.

ಇಷ್ಟು ಓದಿ, ಸರಿ, ಎಲ್ಲ ಬೂಟಾಟಿಕೆ ಅಂತ ಪುಸ್ತಕ ಮುಚ್ಚಿ ಮಲಗಬಹುದಿತ್ತು. ಜಾನ್ ವುಲ್‌ಮನ್ ಬಿಡಲಿಲ್ಲ.

ವುಲ್‌ಮನ್ (1720–1772) ನ್ಯೂಜೆರ್ಸಿಯ ಕ್ವೇಕರ್. ಮನುಷ್ಯನೊಳಗೆ ದೇವರ ಬೆಳಕಿದೆ, ಸುಮ್ಮನೆ ಕೂತು ಅದಕ್ಕೆ ಕಿವಿಗೊಡಬೇಕು ಅನ್ನೋ ಪಂಥ ಅದು. ಅವರಲ್ಲೂ ಗುಲಾಮರನ್ನ ಇಟ್ಟುಕೊಂಡವರು ಬೇಕಾದಷ್ಟಿದ್ರು. ಇವನು ಇಪ್ಪತ್ತರ ಆಚೀಚೆ ಒಂದು ಅಂಗಡಿಯಲ್ಲಿ ಗುಮಾಸ್ತನಾಗಿದ್ದ. ಲೆಕ್ಕ ಬರೆಯೋದು, ಕ್ರಯಪತ್ರ ಬರೆಯೋದು. ನನ್ನ ಥರದವನೇ ಅಂದ್ಕೊಳ್ಳಿ. ಒಂದು ದಿನ ಯಜಮಾನ ಕರೆದು, ನನ್ನ ಗುಲಾಮ ಹೆಂಗಸನ್ನ ಮಾರಿದ್ದೀನಿ, ಕ್ರಯಪತ್ರ ಬರಿ ಅಂದ. ಕೊಂಡವನು ಎದುರಿಗೇ ಕಾದು ಕೂತಿದಾನೆ, ಅವನೂ ನಮ್ಮ ಸಭೆಯ ಹಿರಿಯ. ಯೋಚಿಸೋದಕ್ಕೆ ಹೊತ್ತಿಲ್ಲ. ವುಲ್‌ಮನ್ ಬರೆದುಬಿಟ್ಟ. ಬರೆದು ಕೊಡುವಾಗ ಇಬ್ಬರ ಎದುರಿಗೂ, ಇದು ಕ್ರೈಸ್ತ ಧರ್ಮಕ್ಕೆ ಒಪ್ಪೋದಲ್ಲ ಅಂತ ನನ್ನ ನಂಬಿಕೆ ಅಂದ. ಅಂದಿದ್ದರಿಂದ ಸ್ವಲ್ಪ ಸಮಾಧಾನ ಆಯ್ತು, ಆದರೂ ಬರೆಯಲ್ಲ ಅಂತಲೇ ಹೇಳಬೇಕಿತ್ತು ಅನ್ನೋದು ಅವನನ್ನ ಕೊರೀತಾ ಇತ್ತು.

ಮುಂದೆ ಇನ್ನೊಬ್ಬ ಬಂದು ಅಂಥದೇ ಪತ್ರ ಬರೆಸೋದಕ್ಕೆ ಕೇಳಿದಾಗ ಆಗಲ್ಲ ಅಂದ. ಒಮ್ಮೆ ಪೆಟ್ಟುಬಿದ್ದು ಹಾಸಿಗೆ ಹಿಡಿದ ನೆರೆಯವನು ಉಯಿಲು ಬರೆಸೋದಕ್ಕೆ ಕರೆಸಿದ. ಆಸ್ತಿ ಭಾಗ ಎಲ್ಲ ಬರೆದುಕೊಟ್ಟು, ಗುಲಾಮ ಹುಡುಗಿಯನ್ನ ಮಕ್ಕಳಿಗೆ ಬಿಡೋ ಸಾಲನ್ನ ಮಾತ್ರ ಖಾಲಿ ಬಿಟ್ಟ. ಬರೆಯೋ ಕೂಲಿಯೂ ಬೇಡ ಅಂದ. ಇಬ್ಬರೂ ಕೂತು ಮಾತಾಡಿದ್ರು. ಕೊನೆಗೆ ಆ ನೆರೆಯವನು ಹುಡುಗಿಗೆ ಬಿಡುಗಡೆ ಕೊಡೋದಕ್ಕೆ ಒಪ್ಪಿದ, ಆಮೇಲೆ ಉಯಿಲು ಪೂರ್ತಿಯಾಯ್ತು. ಗುಲಾಮರಿರೋ ಮನೆಯಲ್ಲಿ ಇಳಿದುಕೊಂಡರೆ ಅವರ ಸೇವೆಗೆ ದುಡ್ಡು ಕೊಟ್ಟೇ ಹೊರಡ್ತಿದ್ದ. ಗುಲಾಮರು ಬೆಳೆದ ಕಬ್ಬಿನ ಸಕ್ಕರೆ ಬಿಟ್ಟ. ಮನೆಮನೆಗೆ ನಡೆದು ಮಾತಾಡಿದ, ವರ್ಷಗಟ್ಟಲೆ. 1758ರಲ್ಲಿ ಫಿಲಡೆಲ್ಫಿಯದ ಕ್ವೇಕರ್ ಸಭೆ ಗುಲಾಮರನ್ನ ಕೊಳ್ಳೋರು ಮಾರೋರನ್ನ ಸಭೆಯ ಕಾರ್ಯಕಲಾಪದಿಂದ ಹೊರಗಿಟ್ಟಿತು. 1776ರಲ್ಲಿ ಗುಲಾಮರನ್ನ ಇಟ್ಟುಕೊಂಡವರು ಸದಸ್ಯರಾಗಿರೋ ಹಾಗೇ ಇಲ್ಲ ಅಂತ ಮಾಡ್ತು. ಅದನ್ನ ನೋಡೋದಕ್ಕೆ ವುಲ್‌ಮನ್ ಇರಲಿಲ್ಲ, ಇಂಗ್ಲೆಂಡಿಗೆ ಹೋದಾಗ ಸಿಡುಬಿನಿಂದ ತೀರಿಕೊಂಡಿದ್ದ.

ಈ ಗುಮಾಸ್ತನ ಕಥೆ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇದನ್ನ ಇಲ್ಲಿ ಬರೀಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಕೆಲಸಕ್ಕೆ ಸೇರಿದ ಹೊಸದು. ಒಬ್ಬ ಗುತ್ತಿಗೆ ಪೌರಕಾರ್ಮಿಕ ತೀರಿಕೊಂಡಿದ್ದ. ಅವನ ಹೆಂಡತಿ ಪರಿಹಾರಕ್ಕೆ ಅರ್ಜಿ ಹಾಕಿದ್ಲು. ಕಡತ ನನ್ನ ಟೇಬಲ್ಲಿಗೆ ಬಂತು. ಕೆಲಸ ಮಾಡ್ತಿದ್ದ ಅನ್ನೋದಕ್ಕೆ ಗುತ್ತಿಗೆದಾರ ಪತ್ರ ಕೊಡ್ತಿಲ್ಲ. ಹಾಜರಿ ಪುಸ್ತಕ ತರಿಸಿ ನೋಡಿದ್ರೆ ಹೆಸರು ಸಿಕ್ಕೇ ಸಿಗ್ತಿತ್ತು, ಅದು ನನಗೆ ಗೊತ್ತಿತ್ತು. ಮೇಲಿನವರು "ದಾಖಲೆ ಇಲ್ಲ ಅಂತ ಬರೆದು ಮೇಲಕ್ಕೆ ಕಳಿಸ್ರಿ, ಯಾಕೆ ತಲೆನೋವು" ಅಂದ್ರು. ನಾನು ಟಿಪ್ಪಣಿ ಬರೆದೆ. ಒಂದೂವರೆ ಸಾಲು. "ಪೂರಕ ದಾಖಲೆಗಳು ಲಭ್ಯವಿಲ್ಲದ ಕಾರಣ ಅರ್ಜಿಯನ್ನು ಪರಿಗಣಿಸಲು ಬರುವುದಿಲ್ಲ." ಅಕ್ಷರ ಚೆನ್ನಾಗಿದೆ ಅಂತ ಹೊಗಳಿಸ್ಕೊಂಡೆ ಬೇರೆ. ನನ್ನ ತಲೆ ಮೇಲಿನ ಗೋಡೆಯಲ್ಲಿ ಬಾಬಾಸಾಹೇಬರ ಫೋಟೋ. ನಮ್ಮ ದೊಡ್ಡಮ್ಮನಿಗೆ ಹಾಗೇ ಬರೆದು ಅಲೆಸಿದವನೂ ನನ್ನ ಥರದ ಒಬ್ಬ ಗುಮಾಸ್ತನೇ. ನಾಲ್ಕು ವರ್ಷ ಆದಮೇಲೆ ಚಳವಳಿ ಅಂತ ಓಡಾಡೋದಕ್ಕೆ ಶುರು ಮಾಡಿದಾಗ ಆಕೆಯನ್ನ ಹುಡುಕಿಕೊಂಡು ಹೋದೆ. ಮನೆ ಖಾಲಿ ಮಾಡಿಕೊಂಡು ಹೋಗಿದ್ರು, ಎಲ್ಲಿಗೆ ಅಂತ ಅಕ್ಕಪಕ್ಕದವರಿಗೂ ತಿಳಿದಿರಲಿಲ್ಲ.

ಲೂಕನ ಸುವಾರ್ತೆಯಲ್ಲಿ ಜಕ್ಕಾಯ ಅಂತ ಒಬ್ಬ ಸುಂಕದವನು ಬರ್ತಾನೆ. ಕುಳ್ಳ, ಮರ ಹತ್ತಿ ಯೇಸುವನ್ನ ನೋಡಿದವನು. ಅವನು ಅಳಲಿಲ್ಲ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಯಾರಿಂದ ಮೋಸದಿಂದ ತಗೊಂಡಿದ್ದೀನೋ ಅವರಿಗೆ ನಾಲ್ಕರಷ್ಟು ವಾಪಸ್ ಅಂತ ಲೆಕ್ಕ ಹೇಳಿದ. ರಕ್ಷಣೆಯ ಮಾತು ಬಂದಿದ್ದು ಆ ಲೆಕ್ಕ ಆದಮೇಲೆ. ಬ್ರಿಟನ್ 1833ರಲ್ಲಿ ಗುಲಾಮಗಿರಿಯನ್ನೇ ತೆಗೆಯುವಾಗಲೂ ಒಂದು ಲೆಕ್ಕ ಮಾಡ್ತು. 2 ಕೋಟಿ ಪೌಂಡ್ ಪರಿಹಾರ. ಯಜಮಾನರಿಗೆ!

ಇನ್ನು ಬಾಬಾಸಾಹೇಬರು. 1932ರ ನವೆಂಬರಿನಲ್ಲಿ ಮೂರನೇ ದುಂಡುಮೇಜಿನ ಸಭೆಗೆ ಹೋಗುವಾಗ ಹಡಗಿನಲ್ಲಿ ಕೂತು ಎ.ವಿ. ಠಕ್ಕರರಿಗೆ ಒಂದು ಉದ್ದದ ಪತ್ರ ಬರೆದರು. ಗಾಂಧೀಜಿ ಕಡೆಯವರು ಆಗಷ್ಟೇ ಕಟ್ಟಿದ್ದ, ಮುಂದೆ ಹರಿಜನ ಸೇವಕ ಸಂಘ ಅಂತಾದ ಸಂಸ್ಥೆ ಏನು ಮಾಡಬೇಕು ಅನ್ನೋದರ ಬಗ್ಗೆ. ದಲಿತರ ಉದ್ಧಾರಕ್ಕೆ ಎರಡು ದಾರಿ ಇದೆ ಅಂತಾರೆ. ಮನುಷ್ಯ ಕಷ್ಟದಲ್ಲಿದ್ದರೆ ಅವನಲ್ಲೇ ಏನೋ ಕೆಡುಕಿದೆ, ಪಾಪ ಇದೆ ಅಂತ ತಿಳಿಯೋದು ಒಂದು. ಅಂಥವರು ಕುಡಿತ ಬಿಡಿಸೋದು, ವ್ಯಾಯಾಮ, ಸಹಕಾರ ಸಂಘ, ಗ್ರಂಥಾಲಯ, ಶಾಲೆ ಅಂತ ಹೊರಡ್ತಾರೆ. ಅವನ ಸುತ್ತಲಿನ ಪರಿಸ್ಥಿತಿಯೇ ಅವನನ್ನ ಹೀಗೆ ಇಟ್ಟಿದೆ ಅನ್ನೋದು ಎರಡನೇದು. ನನ್ನದು ಎರಡನೇದು ಅಂತಾರೆ. ಬಾವಿ, ಶಾಲೆ, ಊರ ಚಾವಡಿ, ವಾಹನ, ಈ ಹಕ್ಕುಗಳಿಗಾಗಿ ಊರೂರಲ್ಲಿ ಚಳವಳಿ ಮಾಡಿ, ಅದರಿಂದ ಗಲಾಟೆ ಆದರೆ ಆಗಲಿ ಅನ್ನೋದು ಅವರ ಮಾತಿನ ಸಾರ. ಪತ್ರ ತಲುಪಿತು ಅನ್ನೋ ಒಂದು ಸಾಲಿನ ಉತ್ತರವೂ ಬರಲಿಲ್ಲ ಅಂತ ಮುಂದೆ ಬರೆದುಕೊಂಡಿದ್ದಾರೆ.

ಮತಾಂತರಗೊಂಡ ದಲಿತರ ಸ್ಥಿತಿಗತಿ ಬಗ್ಗೆ ಅವರು ಬರೆದ ಲೇಖನದಲ್ಲಿ ಇನ್ನೂ ನೇರವಾಗಿ ಈ ವಿಷಯಕ್ಕೆ ಬರ್ತಾರೆ. ಅದು ಅವರ ಬರಹಗಳ 5ನೇ ಸಂಪುಟದಲ್ಲಿದೆ. ನಿನ್ನ ಅಧೋಗತಿಗೆ ಕಾರಣ ನಿನ್ನ ಪಾಪ ಅಂತ ಮಿಷನರಿ ಕಲಿಸ್ತಾನೆ. ಇದನ್ನ ನಂಬಿದ ದಲಿತ ಕ್ರೈಸ್ತ ತನ್ನನ್ನ ಹೀಗೆ ಮಾಡಿದ ಸಮಾಜದ ವಿರುದ್ಧ, ಧರ್ಮದ ವಿರುದ್ಧ ಏಳೋದಕ್ಕೆ ಬೇಕಾದ ಶಕ್ತಿಯನ್ನೇ ಕಳ್ಕೊಳ್ತಾನೆ. ಅದು ಬಾಬಾಸಾಹೇಬರ ದೂರು. ದೊಡ್ಡಮ್ಮ ಅಳುವಾಗ ನನ್ನ ಮೈ ಉರಿದಿದ್ದು ಇದಕ್ಕೇ. ಹಿಂದೂ ಕರ್ಮ ಸಿದ್ಧಾಂತ ಹಿಂದಿನ ಜನ್ಮದ ಪಾಪ ಅಂತು, ಇವರು ಆದಾಮನ ಪಾಪ ಅಂದ್ರು. ಎರಡರಲ್ಲೂ ಗೌಡ ಪಾರಾದ.

ಅದನ್ನೇ ದೊಡ್ಡಮ್ಮನಿಗೆ ಹೇಳಿದ್ದೆ, ಅವತ್ತು ಊಟ ಆದಮೇಲೆ. ಅವಳು ಎಲೆ ಅಡಿಕೆ ಹಾಕ್ಕೊಳ್ತಾ ನಕ್ಕಳು. "ಯಾರಪ್ಪಾ ನಿನಗೆ ಹೇಳಿದ್ದು ಗೌಡ ಪಾರಾದ ಅಂತ? ಗೌಡ್ರೂ ಪಾಪಿನೇ, ಅಯ್ನೋರೂ ಪಾಪಿನೇ, ನಾನೂ ಪಾಪಿನೇ. ಹುಟ್ತಾ ಯಾರೂ ಮಡಿಯಲ್ಲಿ ಹುಟ್ಟಲ್ಲ. ಇಷ್ಟು ವರ್ಷದಲ್ಲಿ ನಾನೂ ಅವರೂ ಒಂದೇ ಅಂತ ನನಗೆ ಹೇಳಿದ್ದು ಅದೊಂದೇ ಮಾತು ಕಣ್ ಮಗ. ನಿನ್ನ ಚಳವಳಿಯೋರು ನಮ್ಮನೆ ಚಾಪೆ ಮೇಲೆ ಯಾವತ್ತು ಬಂದು ಕೂತಿದ್ರು?"

ಕೊನೇ ಮಾತಿಗೆ ನನ್ನ ಹತ್ರ ಉತ್ತರ ಇರಲಿಲ್ಲ. ಮೊದಲನೇ ಮಾತು ಡಗ್ಲಸ್‌ನಲ್ಲಿ ಮತ್ತೆ ಸಿಕ್ತು. ಹದಿಮೂರರ ವಯಸ್ಸಲ್ಲಿ ಬಾಲ್ಟಿಮೋರಿನಲ್ಲಿ ಅವನು ಕೇಳಿದ್ದೂ ಇದನ್ನೇ: ದೊಡ್ಡವರು ಚಿಕ್ಕವರು, ಗುಲಾಮರು ಯಜಮಾನರು, ದೇವರ ಮುಂದೆ ಎಲ್ಲರೂ ಪಾಪಿಗಳು, ಎಲ್ಲರೂ ಪಶ್ಚಾತ್ತಾಪ ಪಡಬೇಕು. ಯಜಮಾನನೂ ಪಡಬೇಕು! ಗುಲಾಮ ಹುಡುಗನ ಕಿವಿಗೆ ಇದು ಬೇರೆ ಥರವೇ ಕೇಳಿಸಿರಬೇಕು. ಲಾಸನ್ ಅಂತ ಒಬ್ಬ ಕರಿಯ ಮುದುಕ, ಬಂಡಿ ಹೊಡೆಯೋ ಕೂಲಿ, ಅವನ ಗುರು. ಅಕ್ಷರ ಕೂಡಿಸಿ ಓದೋದನ್ನ ಹುಡುಗ ಮುದುಕನಿಗೆ ಹೇಳಿಕೊಟ್ಟ, ಅರ್ಥವನ್ನ ಮುದುಕ ಹುಡುಗನಿಗೆ. ನಿನ್ನಿಂದ ದೊಡ್ಡ ಕೆಲಸ ಆಗೋದಿದೆ ಅಂತ ಅವನಿಗೆ ಮೊದಲು ಹೇಳಿದವನು ಈ ಲಾಸನ್. ಅವನ ಹತ್ರ ಹೋದ್ರೆ ಚಾಟಿಯೇಟು ಅಂತ ಆ ಮನೆಯ ಯಜಮಾನ ಹೆದರಿಸಿದ. ಯಜಮಾನರಿಗೆ ಯಾವುದಕ್ಕೆ ಹೆದರಬೇಕು ಅನ್ನೋದು ಚೆನ್ನಾಗಿ ಗೊತ್ತಿರ್ತದೆ.

ಹಾಗಾಗಿ ಬಾಬಾಸಾಹೇಬರ ದೂರನ್ನ ನಾನು ಕೈಬಿಡಲ್ಲ, ದೊಡ್ಡಮ್ಮನ ಮಾತನ್ನೂ ತಳ್ಳಿಹಾಕಲ್ಲ. ಆ ಪಾಪದ ಮಾತನ್ನ ಕೇರಿಯಲ್ಲಿ ಮಾತ್ರ ಸಾರಿ, ಊರಲ್ಲಿ ಸಾರದೆ ಬಿಟ್ಟರೆ ಅದು ಮೋಸ. ಆಲ್ಡ್‌ನ ಕೂಟದಲ್ಲಿ ಹೆನ್ನಿಯನ್ನ ಹೊಡೆದಿದ್ದು ಪಾಪ ಅಂತ ಒಬ್ಬ ಪಾದ್ರಿ ವೇದಿಕೆ ಮೇಲಿಂದ ಹೇಳಿದ್ದಿದ್ದರೆ ಆ ಹುಲ್ಲುಕಟ್ಟೆಯೊಳಗೆ ಎಷ್ಟು ಜನ ಯಜಮಾನರು ಉಳೀತಿದ್ರೋ.

ಡಗ್ಲಸ್ 1848ರಲ್ಲಿ, ತಪ್ಪಿಸ್ಕೊಂಡು ಸರಿಯಾಗಿ ಹತ್ತು ವರ್ಷಕ್ಕೆ, ಆಲ್ಡ್‌ಗೆ ಒಂದು ಬಹಿರಂಗ ಪತ್ರ ಬರೆದು ಪತ್ರಿಕೆಯಲ್ಲಿ ಹಾಕಿದ. ನನ್ನ ಅಕ್ಕತಂಗಿಯರು ಎಲ್ಲಿ, ನನ್ನ ಅಜ್ಜಿ ಏನಾದಳು ಅಂತ ಹೆಸರು ಹಿಡಿದು ಕೇಳಿದ. ನಿನ್ನ ಮೇಲೆ ನನಗೆ ವೈಯಕ್ತಿಕ ದ್ವೇಷ ಇಲ್ಲ, ನನ್ನ ಮನೆಗೆ ಬಂದರೆ ನಿನಗೆ ಕ್ಷೇಮ ಇದೆ, ಆದರೆ ಗುಲಾಮಗಿರಿಯನ್ನ ಹೊಡೆಯೋದಕ್ಕೆ ನಿನ್ನ ಹೆಸರನ್ನ ಆಯುಧ ಮಾಡ್ಕೊಳ್ತೀನಿ ಅಂದ.

1877ರಲ್ಲಿ ಇಬ್ಬರೂ ಭೇಟಿಯಾದರು. ಯುದ್ಧ ಮುಗಿದಿತ್ತು, 1865ರಲ್ಲೇ ಗುಲಾಮಗಿರಿ ಸಂವಿಧಾನದಿಂದಲೇ ಹೋಗಿತ್ತು. ಡಗ್ಲಸ್ ಆಗ ರಾಜಧಾನಿಯ ಮಾರ್ಷಲ್, ದೊಡ್ಡ ಅಧಿಕಾರಿ. ಆಲ್ಡ್ ಹಾಸಿಗೆ ಹಿಡಿದ ಮುದುಕ, ಪಾರ್ಶ್ವವಾಯು ಹೊಡೆದು ಕೈ ನಡುಗ್ತಿತ್ತು. ಡಗ್ಲಸ್ ಅವನನ್ನ 'ಕ್ಯಾಪ್ಟನ್ ಆಲ್ಡ್' ಅಂತ ಕರೆದ. ಅವನು 'ಮಾರ್ಷಲ್ ಡಗ್ಲಸ್' ಅಂದ. ಮಾರ್ಷಲ್ ಬೇಡ, ಮುಂಚಿನ ಹಾಗೆ ಫ್ರೆಡರಿಕ್ ಅನ್ನಿ ಅಂದ ಡಗ್ಲಸ್. ಕೈ ಕುಲುಕಿದರು. ಮುದುಕ ಅತ್ತ, ಡಗ್ಲಸ್‌ಗೆ ಗಂಟಲು ಕಟ್ಟಿತು. ನಾನು ಓಡಿಹೋಗಿದ್ದರ ಬಗ್ಗೆ ಏನನ್ನಿಸ್ತದೆ ಅಂತ ಕೇಳಿದ. ನೀನು ಗುಲಾಮನಾಗಿರೋದಕ್ಕಿಂತ ಜಾಣ ಅಂತ ನನಗೆ ಮೊದಲೇ ಗೊತ್ತಿತ್ತು, ನಿನ್ನ ಜಾಗದಲ್ಲಿ ನಾನಿದ್ದಿದ್ದರೆ ಅದನ್ನೇ ಮಾಡ್ತಿದ್ದೆ ಅಂದ ಆಲ್ಡ್. ಆಮೇಲೆ ಡಗ್ಲಸ್, ಅಜ್ಜಿಯನ್ನ ಮುಪ್ಪಿನಲ್ಲಿ ನೀವು ಹೊರಗೆ ಹಾಕಿದಿರಿ ಅಂತ ನಾನು ಬರೆದಿದ್ದು ತಪ್ಪು ಅಂತ ಒಪ್ಪಿಕೊಂಡ.

ಆ ಕೋಣೆಯಲ್ಲಿ ಬಾಯಿಬಿಟ್ಟು ತನ್ನ ತಪ್ಪು ಹೇಳಿದ್ದು ಡಗ್ಲಸ್. ಅವನು ಬರೆದಿಟ್ಟ ಆ ಸಂಭಾಷಣೆಯಲ್ಲಿ ಹೆನ್ನಿಯ ಹೆಸರು ಬರೋದಿಲ್ಲ.